ಮೂವತ್ತಾರಕ್ಕೆ ನಾಲ್ಕು

ಜಾತಕ ಹೋಯಿತು, ಯಂತ್ರ ಬಂತು ಎಂದು ಮೈಸೂರಿನ ಜನ ಹಿಗ್ಗಿದ್ದೇ ಹಿಗ್ಗಿದ್ದು. ಇನ್ನು ಕುಜದೋಷವಿಲ್ಲ, ಮೂಲಾ ನಕ್ಷತ್ರದ ಹುಡುಗಿಗೆ ಮಾವನಿಲ್ಲದ ಮನೆ ಹುಡುಕುವ ಕಾಟವಿಲ್ಲ, ಎಲ್ಲವೂ ವಿಜ್ಞಾನ ಎಂದು ಓದಿದವರು ಬೀಗಿದರು. ಹಳೆಯ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೆ? ಯಂತ್ರ ಮಾಡಿದವರು ಮೊದಲು ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು ನೋಡಿದರು. ಒಬ್ಬರೂ ಮೂಸಿ ನೋಡಲಿಲ್ಲ. ಅದನ್ನೇ ಮೂವತ್ತಾರು ಗುಣಕ್ಕೆ ಇಳಿಸಿ, ಹದಿನೆಂಟು ಕೂಡಿದರೆ ಪಾಸು ಎಂದ ಕೂಡಲೇ ಬಾಗಿಲ ಮುಂದೆ ಸಾಲು ಹತ್ತಿತು. ಅಜ್ಜಿಯರಿಗೆ ಅರ್ಥವಾಯಿತು, ಮೊಮ್ಮಕ್ಕಳಿಗೆ ಹೆಮ್ಮೆಯಾಯಿತು. ಕೂಟಮಾಪಕ ಎಂದು ಅದಕ್ಕೆ ಹೆಸರು.

ಅದು ಕೆಲಸ ಮಾಡುವ ರೀತಿ ಕಷ್ಟದ್ದೇನಲ್ಲ. ಇಬ್ಬರನ್ನು ಎದುರುಬದುರು ಕೂರಿಸಿ ಮಣಿಕಟ್ಟಿಗೆ ಒಂದೊಂದು ಪಟ್ಟಿ ಕಟ್ಟುತ್ತಾರೆ. ಪಟ್ಟಿ ನಾಡಿಯನ್ನೂ ಉಸಿರನ್ನೂ ಅಳೆಯುತ್ತದೆ. ನಡುವಿನ ಕ್ಯಾಮೆರಾ ಯಾರ ಕಣ್ಣು ಯಾರ ಮೇಲೆ ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತದೆ. ಒಬ್ಬರು ಮಾತು ನಿಲ್ಲಿಸಿದ ಮೇಲೆ ಇನ್ನೊಬ್ಬರು ಎಷ್ಟು ಬೇಗ ಶುರು ಮಾಡಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಗ್ಗಿಹೋದ ಎರಡು ಜೀವಗಳ ನಾಡಿ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ಅಷ್ಟು ಮಾತ್ರ ನಿಜ. ಆದರೆ ಒಂದು ಹಿಡಿ ನಿಜವನ್ನು ಜನರ ಕೈಗೆ ಕೊಟ್ಟು ನೋಡಿ, ಅದರಲ್ಲೇ ಪಕ್ಕದ ಮನೆಯವರಿಗೆ ಬಡಿಯಲು ಶುರು ಮಾಡುತ್ತಾರೆ.

ಮೊದಲು ಮದುವೆಗೆ ಮಾತ್ರ ಎಂದರು. ಆಮೇಲೆ ಮನೆ ಬಾಡಿಗೆಗೆ ಕೊಡುವವರು ಗಂಡಹೆಂಡಿರ ಕೂಟಪತ್ರ ಕೇಳತೊಡಗಿದರು. ಬಳಿಕ ವಿವಾಹ ನೋಂದಣಿಗೂ ಅದೇ ಕಡ್ಡಾಯವಾಯಿತು. ವರ್ಷಕ್ಕೊಮ್ಮೆ ನವೀಕರಣ ಬೇರೆ. ಕಚೇರಿಗಳಲ್ಲಿ ಯಾರು ಯಾರೊಡನೆ ಉಣ್ಣಬೇಕು, ಹರಟಬೇಕು ಎಂಬುದಕ್ಕೂ ಜನ ಪಟ್ಟಿ ಕಟ್ಟಿ ನೋಡಿಕೊಳ್ಳುವ ಮಟ್ಟಕ್ಕೆ ಇಳಿದರು.

ಈ ಯಂತ್ರ ಹುಟ್ಟಿದ ಸಂಸ್ಥೆಯಲ್ಲೇ ಚಾರ್ವಿ ಎಂಜಿನಿಯರ್. ವಯಸ್ಸು ಮೂವತ್ತು ದಾಟಿದೆ. ಅವಳಿಗೆ ಆಟಿಸಂ ಇದೆ. ಇದನ್ನು ಮುಚ್ಚಿಡುವಂಥದ್ದೇನಿಲ್ಲವಾದರೂ ಅವಳ ತಾಯಿ ಸುಚಿತ್ರಮ್ಮ ಚಿಕ್ಕಂದಿನಿಂದ ಮುಚ್ಚಿಡಿಸಿದ್ದರು. ಸುಚಿತ್ರಮ್ಮ ಭರತನಾಟ್ಯದ ಟೀಚರು. ಮಗಳು ಜನರ ಮುಖ ನೋಡುವುದಿಲ್ಲ, ಸುಮ್ಮನೆ ನಗುವುದಿಲ್ಲ ಎಂದು ಗೊತ್ತಾದಾಗ ಅವರು ಡಾಕ್ಟರಿಗಿಂತ ಹೆಚ್ಚಾಗಿ ತಮ್ಮ ವಿದ್ಯೆಯನ್ನೇ ನಂಬಿದರು. ಶಿಷ್ಯೆಯರು ಮನೆಗೆ ಹೋದ ಮೇಲೆ ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, ತಟ್ಟುಮಣೆಯ ಮೇಲೆ ಕೋಲು ಬಡಿಯುತ್ತ ಪಾಠ ಮಾಡಿದರು. ಎದುರಿನವರು ಮಾತು ನಿಲ್ಲಿಸಿದರೆ ಒಂದು ತಟ್ಟು ಬಿಟ್ಟು ನೀನು ಶುರು ಮಾಡು. ಕಣ್ಣಿಗೆ ಕಣ್ಣು ಕೊಡು, ಎರಡು ತಟ್ಟಿಗೆ ಸರಿಸು. ನಗು ಬಂದರೆ ಹುಬ್ಬೂ ಜೊತೆಗೆ ಏಳಬೇಕು. ಸುಮ್ಮನಿರುವುದು ಅಂದರೆ ತಾಳ ತಪ್ಪಿದ ಹಾಗೆ. ಚಾರ್ವಿ ಎಲ್ಲವನ್ನೂ ಕಲಿತಳು. ಕಲಿತದ್ದನ್ನು ಒಂದು ಗಂಟೆ ಆಡಿ ತೋರಿಸಿದರೆ ಆಮೇಲೆ ಕತ್ತಲೆ ಕೋಣೆಯಲ್ಲಿ ಮೂರು ಗಂಟೆ ಮಲಗಬೇಕಾಗುತ್ತಿತ್ತು. ಅದನ್ನು ಸುಚಿತ್ರಮ್ಮ ಸೋಮಾರಿತನ ಎಂದು ಕರೆಯುತ್ತಿದ್ದರು.

ಕಚೇರಿಯಲ್ಲಿ ಅವಳಿಗೊಬ್ಬಳು ಗೆಳತಿಯಿದ್ದಳು, ಲೆಕ್ಕಪತ್ರ ವಿಭಾಗದ ವೈದೇಹಿ. ದಿನವೂ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದರು. ವೈದೇಹಿ ಅತ್ತೆಯ ಪುರಾಣ ಹೇಳುವುದು, ಚಾರ್ವಿ ಕೇಳುವುದು. ಅಷ್ಟರಲ್ಲಿ ಇಬ್ಬರಿಗೂ ಸುಖವಿತ್ತು. ಒಂದು ದಿನ ಯಾರೋ ತಮಾಷೆಗೆ ಇಬ್ಬರ ಕೈಗೂ ಪಟ್ಟಿ ಕಟ್ಟಿದರು. ಏಳು ಬಂತು.

"ಅಯ್ಯೋ, ಇಷ್ಟು ವರ್ಷ ನಾನೊಬ್ಬಳೇ ಮಾತಾಡ್ಕೊಂಡಿದ್ನಾ?" ಎಂದಳು ವೈದೇಹಿ, ನಗುತ್ತಲೇ.

"ಇಲ್ಲ, ನಾನು ಕೇಳ್ತಾ ಇದ್ದೆ. ನಿಮ್ಮತ್ತೆ ಉಪ್ಪಿನಕಾಯಿ ಜಾಡಿಗೆ ಬೀಗ ಹಾಕಿದ್ದೂ ನೆನಪಿದೆ" ಎಂದಳು ಚಾರ್ವಿ.

"ಏಳು ಅಂತ ಬಂದಿದೆಯಲ್ಲೇ!"

ಮಾರನೆಯ ದಿನ ವೈದೇಹಿ ಬೇರೆ ಮೇಜಿಗೆ ಹೋಗಿ ಕುಳಿತಳು. ಜಗಳವಿಲ್ಲ, ಕಾರಣ ಹೇಳಲಿಲ್ಲ. ಚಾರ್ವಿ ಹೋಗಿ ಕೇಳಿದ್ದಕ್ಕೆ, "ಹಾಗೇನಿಲ್ಲಪ್ಪಾ, ಸುಮ್ನೆ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರಿಗೆ ಈ ಯಂತ್ರ ಮೂವತ್ತು ಗುಣ ಕೊಡುತ್ತದೆ, ಕೇಳಿದ್ದಕ್ಕೆ ನೇರ ಉತ್ತರ ಹೇಳುವವಳಿಗೆ ಏಳು. ಇಂಥ ವಿಜ್ಞಾನಕ್ಕೆ ಏನು ಹೇಳೋಣ?

*

ಬಿಳಿಗಿರಿ ಸಿಕ್ಕಿದ್ದು ಲಿಫ್ಟಿನಲ್ಲಿ. ಅವನು ಚಾಮರಾಜನಗರದ ಕಡೆಯವನು, ಲಿಫ್ಟ್ ರಿಪೇರಿ ಕಂಪನಿಯ ಮೆಕ್ಯಾನಿಕ್. ಸಂಸ್ಥೆಯ ಲಿಫ್ಟ್ ಪದೇಪದೇ ಕೈಕೊಡುತ್ತಿದ್ದುದರಿಂದ ವಾರಕ್ಕೊಮ್ಮೆ ಬರುತ್ತಿದ್ದ. ಲಿಫ್ಟಿನೊಳಗೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಬಾಗಿಲನ್ನೇ ನೋಡುತ್ತಾರೆ. ಇಡೀ ಕಟ್ಟಡದಲ್ಲಿ ಚಾರ್ವಿಗೆ ಹಾಯಾಗಿ ನಿಲ್ಲಲು ಆಗುತ್ತಿದ್ದ ಜಾಗ ಅದೊಂದೇ. ಬಿಳಿಗಿರಿ ಬಾಗಿಲ ಸಂದಿಗೆ ಕಿವಿಯಿಟ್ಟು, "ಮೂರನೇ ಮಾಳ್ಗೇಲಿ ಕರಕರ ಅಂತದ. ನಿಮ್ಗೂ ಕೇಳ್ತದ?" ಎಂದು ಬಾಗಿಲನ್ನೇ ಕೇಳಿದ. ಚಾರ್ವಿಯೂ ಬಾಗಿಲಿಗೇ, "ಕೇಳತ್ತೆ. ದಿನಾ ತಲೆ ನೋಯತ್ತೆ" ಎಂದಳು. ಅವನು ಅವತ್ತೇ ಅದನ್ನು ಸರಿ ಮಾಡಿದ. ಅವಳ ಇಡೀ ಆಯುಸ್ಸಿನಲ್ಲಿ ಕಿವಿಗೆ ಚುಚ್ಚುವ ಒಂದು ಸದ್ದನ್ನು ಹೇಳಿದ ಕೂಡಲೇ ನಿಲ್ಲಿಸಿಕೊಟ್ಟ ಮೊದಲ ಮನುಷ್ಯ ಅವನು. ಅವಳಿಗೆ ಪ್ರೀತಿ ಹುಟ್ಟಿದ್ದು ಆಗಲೇ. ಇದರಲ್ಲಿ ಸುತ್ತಿ ಬಳಸಿ ಹೇಳುವಂಥದ್ದೇನೂ ಇಲ್ಲ.

ಅವನೂ ಅವಳಂಥವನೇ. ಆದರೆ ಅವನಿಗೆ ಯಾರೂ ಅಭಿನಯ ಕಲಿಸಿರಲಿಲ್ಲ. ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ. ಮುಖ ಎಂದರೆ ಅವನಿಗೆ ಬರೀ ಗದ್ದಲ. ಯಾರಾದರೂ ಹಲ್ಲು ಬಿಟ್ಟು ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ನೀವು ಎಂದೇ ಕರೆದುಕೊಂಡರು. ಭಾನುವಾರ ಅವನು ಚಾರ್ವಿಯ ಮನೆಗೆ ಬರುತ್ತಿದ್ದ. ನೆನೆಹಾಕಿದ ಅವರೆಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು, ಒಂದೇ ಗೋಡೆಗೆ ಒರಗಿ, ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ಕಾಳು ಹಿದುಕುತ್ತಿದ್ದರು. ಬೆರಳ ನಡುವಿನಿಂದ ಕಾಳು ಪುಳಕ್ಕನೆ ಜಾರುವುದು, ಸಿಪ್ಪೆ ಪಕ್ಕಕ್ಕೆ, ಬೇಳೆ ಪಾತ್ರೆಗೆ. ಒಂದು ಬೆಳಗು ಪೂರ್ತಿ ಮಾತಿಲ್ಲದೆ ಹೋಗುತ್ತಿತ್ತು. ಎದ್ದಾಗ ಚಾರ್ವಿಗೆ ಕತ್ತಲೆ ಕೋಣೆ ಬೇಕೆನಿಸುತ್ತಿರಲಿಲ್ಲ. ಹಸಿವಾಗುತ್ತಿತ್ತು, ಅಷ್ಟೆ.

ಸುಚಿತ್ರಮ್ಮ ಅಡುಗೆಮನೆಯಿಂದ ಇಣುಕಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದರು. "ಊರಿಗೇ ಒಂದು ದಾರಿ ಆದ್ರೆ ಇವರಿಬ್ಬರಿಗೇ ಒಂದು ದಾರಿ. ಮಾತೇ ಆಡದೆ ಅದೇನು ಪ್ರೀತಿಯೋ ಕಾಣೆ." ಜಾತಿ ಬೇರೆ, ಕೆಲಸ ರಿಪೇರಿಯದು. ಅದೆಲ್ಲವನ್ನೂ ಅವರು ಕಹಿಗುಳಿಗೆಯಂತೆ ನುಂಗಿಕೊಂಡಿದ್ದರು. ತಾನು ಕಣ್ಣು ಮುಚ್ಚಿದ ಮೇಲೆ ಮಗಳಿಗೊಂದು ದಿಕ್ಕು ಬೇಕು. ಆದರೆ ಕೂಟಪತ್ರವಿಲ್ಲದೆ ಮದುವೆಯಾಗದು, ಮನೆ ಸಿಗದು.

ಸರಸ್ವತಿಪುರಂನ ಕೂಟಕೇಂದ್ರಕ್ಕೆ ಇಬ್ಬರೂ ಮೊದಲ ಸಲ ಹೋದಾಗ ನಾಲ್ಕು ಬಂತು.

ಪರೀಕ್ಷೆ ಮಾಡಿದ ಹೆಂಗಸು ಪಟ್ಟಿ ಕೆಟ್ಟಿದೆಯೇನೋ ಎಂದು ಬದಲಾಯಿಸಿ ನೋಡಿದಳು. ಮತ್ತೂ ನಾಲ್ಕೇ. "ನಮ್ಮಲ್ಲಿ ರಸ್ತೇಲಿ ಹೋಗ್ತಿದ್ದ ಇಬ್ಬರನ್ನ ಹಿಡಿದು ಕೂರಿಸಿದ್ರೂ ಒಂಬತ್ತು ಹತ್ತು ಬರತ್ತೆ ಮೇಡಂ" ಎಂದಳು, ಉಪಕಾರ ಮಾಡುವವಳಂತೆ. "ಇನ್ನೊಂದೇ ಚಾನ್ಸ್ ಇರೋದು. ಯೋಚನೆ ಮಾಡಿ ಬನ್ನಿ."

ರಾಮಕೃಷ್ಣನಗರದಲ್ಲಿ ಅವರು ನೋಡಿಟ್ಟಿದ್ದ ಮಹಡಿಮನೆಯ ಮಾಲೀಕ ಷಡಕ್ಷರಿ ಎಂಬವರಿಗೂ ಸುದ್ದಿ ಹೋಯಿತು. ಅವರು ಗೇಟಿನಲ್ಲೇ ನಿಲ್ಲಿಸಿ ಮಾತಾಡಿದರು.

"ನಾಲ್ಕು ಅಂದ್ರೆ ಏನಮ್ಮಾ ಅರ್ಥ? ದಿನಾ ಪಾತ್ರೆ ಎಸೆದಾಡೋರು ಅಂತ. ನಂಗೂ ನನ್ನ ಹೆಂಡ್ತಿಗೂ ಇಪ್ಪತ್ತೊಂಬತ್ತು. ನಾವು ಮರ್ಯಾದಸ್ಥರು."

ಒಳಗಿಂದ ಅವರ ಹೆಂಡತಿ, "ಯಾರ ಹತ್ರ ಹಲ್ಲು ಕಿರೀತಾ ನಿಂತಿದೀರಾ ಅಲ್ಲಿ? ನೀರು ಬಂದು ಹೊರಟೋಯ್ತು!" ಎಂದು ಕೂಗಿದರು. ಕೊಡ ಕುಕ್ಕಿದ ಸದ್ದಿಗೆ ಬಿಳಿಗಿರಿ ಎರಡೂ ಕಿವಿ ಮುಚ್ಚಿಕೊಂಡ. ಷಡಕ್ಷರಿಯವರು ಅವನನ್ನು ತೋರಿಸಿ, "ನೋಡಿ, ಇಂಥವರನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ಚಾರ್ವಿಗೆ ಅವರ ಗೇಟನ್ನು ಅವರ ಮುಖಕ್ಕೇ ಬಡಿಯಬೇಕೆನಿಸಿತು. ಬಡಿಯಲಿಲ್ಲ. ಬಡಿದಿದ್ದರೆ ನಾಲ್ಕಕ್ಕೆ ಅದೇ ಸಾಕ್ಷಿಯಾಗುತ್ತಿತ್ತು.

*

ಪ್ರಯೋಗಾಲಯದಲ್ಲಿ ಚಾರ್ವಿ ತಮ್ಮಿಬ್ಬರ ಪರೀಕ್ಷೆಯ ದಾಖಲೆಯನ್ನು ತೆರೆದು ನೋಡಿದಳು. ತೆರೆಯ ಮೇಲೆ ಎರಡು ಗೆರೆ, ಒಂದು ಅವಳ ನಾಡಿ, ಒಂದು ಅವನದು. ಅವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಒಟ್ಟಿಗೇ ಏರಿ ಒಟ್ಟಿಗೇ ಇಳಿದಿದ್ದವು. ಮೂವತ್ತು ಗುಣ ಬಂದವರಲ್ಲೂ ಅವಳು ಅಂಥ ಗೆರೆ ಕಂಡಿರಲಿಲ್ಲ. ಮತ್ತೆ ನಾಲ್ಕು ಎಲ್ಲಿಂದ ಬಂತು? ಹುಡುಕಿದಾಗ ತಿಳಿಯಿತು, ಯಂತ್ರ ಆ ಭಾಗವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಬ್ಬರೂ ಸುಮ್ಮನಿದ್ದ ಹೊತ್ತನ್ನೆಲ್ಲ ಕತ್ತರಿಸಿ ಎಸೆದು, ಅಲ್ಲೊಂದು ಇಲ್ಲೊಂದು ಆಡಿದ ನಾಲ್ಕು ಮಾತಿನ ಚೂರುಗಳಿಗೆ ಮಾತ್ರ ಅಂಕ ಕೊಟ್ಟಿತ್ತು.

ಹಾಗೆ ಕತ್ತರಿಸುವ ನಿಯಮ ಬರೆದವರು ಯಾರು? ಅವಳೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಂತ್ರಕ್ಕೆ ಕಲಿಸಲೆಂದು ಮನೆಮನೆಗಳಲ್ಲಿ ತೆಗೆದ ಸಾವಿರಾರು ಜೋಡಿಗಳ ದಾಖಲೆಗಳನ್ನು ಅವಳ ಮುಂದೆ ಸುರಿದು, ಕೆಟ್ಟದ್ದನ್ನು ಆರಿಸಿ ತೆಗೆ ಎಂದಿದ್ದರು. ಮಾತಿಲ್ಲ, ನೋಟವಿಲ್ಲ ಎಂದರೆ ಪಟ್ಟಿ ಕಳಚಿದೆ ಅಥವಾ ಜನ ಎದ್ದು ಹೋಗಿದ್ದಾರೆ ಎಂದು ಅವಳು ನಿಯಮ ಮಾಡಿದ್ದಳು. ಒಂದು ಕ್ಷಣವೂ ಅನುಮಾನ ಬಂದಿರಲಿಲ್ಲ. ಸುಮ್ಮನಿರುವುದು ತಪ್ಪು ಎಂದು ತಟ್ಟುಮಣೆಯ ಮುಂದೆ ಕಲಿತ ಮಗು ಬೇರೆ ಏನು ಬರೆದೀತು? ಬೇರೆ ಯಾರಾದರೂ ಆಗಿದ್ದರೆ ಒಮ್ಮೆಯಾದರೂ ಅಳುಕುತ್ತಿದ್ದರು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಇಷ್ಟು ಕ್ರೂರವಾಗಿ ಯಾರ ಪಾಲಿಗೂ ನಿಜವಾಗಬಾರದು.

ಎಸೆದ ದಾಖಲೆಗಳನ್ನು ಅವಳು ಒಂದೊಂದಾಗಿ ತೆಗೆದು ನೋಡಿದಳು. ಹೂ ಕಟ್ಟುತ್ತ ಕುಳಿತ ಮುದುಕ ಮುದುಕಿ. ಒಬ್ಬಳು ಓದುತ್ತ, ಇನ್ನೊಬ್ಬಳು ಹೊಲಿಯುತ್ತ ಇದ್ದ ಗೆಳತಿಯರು. ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಹುಡುಗರು. ಇವರೆಲ್ಲ ಈ ಊರಿನಲ್ಲೇ ಇದ್ದರು. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳು ಮೇಜಿನ ಕೆಳಗೆ ಕೈ ಹಿಸುಕಿಕೊಳ್ಳುತ್ತ ಅತ್ತಳು.

ವಿಭಾಗದ ಮುಖ್ಯಸ್ಥೆ ಡಾಕ್ಟರ್ ಭಾರ್ಗವಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ನಾಲ್ಕು ಬಂದ ಮೇಲೆ ನಿಂಗೆ ಇದು ಹೊಳೀತಾ?"

"ಹೌದು ಮೇಡಂ. ಬರದೇ ಇದ್ದಿದ್ರೆ ನಾನು ನೋಡ್ತಾನೇ ಇರ್ಲಿಲ್ಲ."

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಭಾರ್ಗವಿ ನಕ್ಕರು.

"ನೆಲ ನಿಜವಾಗ್ಲೂ ಡೊಂಕಾಗಿದೆ ಮೇಡಂ. ನಾನೇ ಹಾಸಿದ್ದು, ನಂಗೆ ಗೊತ್ತು. ಒಂದೇ ವಾರದ ಕೆಲಸ, ಸರಿ ಮಾಡಿಬಿಡ್ತೀನಿ."

ಭಾರ್ಗವಿಯವರ ನಗು ಹೋಯಿತು. "ಸರಿ ಮಾಡಿದ್ರೆ ಏನಾಗತ್ತೆ ಗೊತ್ತಾ? ಇಷ್ಟು ವರ್ಷ ಫೇಲ್ ಆದವರೆಲ್ಲ ನಮ್ಮ ಬಾಗಿಲಿಗೆ ಬರ್ತಾರೆ. ಮುರಿದ ಮದುವೆ, ಬಿಟ್ಟ ಮನೆ, ಎಲ್ಲದಕ್ಕೂ ನಾವು ಉತ್ತರ ಕೊಡ್ಬೇಕು. ನಿನ್ನಂಥ ನಾಲ್ಕು ಜನಕ್ಕೋಸ್ಕರ ಊರನ್ನೆಲ್ಲ ಎದುರು ಹಾಕ್ಕೊಳ್ಳೋಕೆ ಆಗಲ್ಲ. ಜನ ಮುಖ ನೋಡಿ ಮಾತಾಡ್ತಾರಮ್ಮಾ, ಅದು ಲೋಕ. ನೀನು ಕಲ್ತಿದೀಯಲ್ಲ? ಚೆನ್ನಾಗೇ ಮಾಡ್ತೀಯ. ಹೋಗಿ ಮಾಡು, ಪಾಸಾಗು."

ಚಾರ್ವಿ ಒಂದು ತಟ್ಟು ಬಿಟ್ಟು, ಹುಬ್ಬು ಸಮೇತ ನಕ್ಕು, "ಆಗ್ಲಿ ಮೇಡಂ" ಎಂದಳು. ಹೊರಗೆ ಬಂದು ಲಿಫ್ಟಿನಲ್ಲಿ ನಿಂತ ಮೇಲೆ ಆ ನಗುವನ್ನು ಸಿಟ್ಟಿನಿಂದ ಅಂಗೈಯಲ್ಲಿ ಒರೆಸಿಕೊಂಡಳು.

*

"ನಿಮ್ಮ ಮೇಡಂ ಹೇಳಿದ್ದರಲ್ಲಿ ತಪ್ಪೇನಿದೆ?" ಎಂದರು ಸುಚಿತ್ರಮ್ಮ. ರಾತ್ರಿಯ ಊಟಕ್ಕೆ ಸಾರು ಬಡಿಸುತ್ತಿದ್ದರು. "ನೀನು ಪಾಸ್ ಮಾಡಿಸಬಲ್ಲೆ. ಅವನಿಗೆ ಬರದಿದ್ರೆ ಬೇಡ, ನೀನು ಎತ್ಕೊಂಡು ಹೋಗು. ಕೈ ಹಿಡಿದು ಕುಣಿಸೋರು ಚೆನ್ನಾಗಿದ್ರೆ ಕಲ್ಲೂ ಕುಣಿಯತ್ತೆ."

"ನಂಗೆ ಬಿಳಿಗಿರಿ ಮುಂದೆ ಮಾಡೋದು ಇಷ್ಟ ಇಲ್ಲಮ್ಮ. ಯಾವತ್ತೂ ಮಾಡಿಲ್ಲ."

"ಒಂದು ಗಂಟೆ ಕಣೇ! ಒಂದೇ ಗಂಟೆ. ಆಮೇಲೆ ಜನ್ಮ ಪೂರ್ತಿ ಗೋಡೆಗೆ ಒರಗಿ ಕೂತ್ಕೊಳಿ, ಯಾರು ಬೇಡ ಅಂತಾರೆ?"

ವರ್ಷ ವರ್ಷ ನವೀಕರಣ ಎಂಬುದನ್ನು ಸುಚಿತ್ರಮ್ಮ ಹೇಳಲಿಲ್ಲ. ಚಾರ್ವಿಯೂ ಆ ಕ್ಷಣಕ್ಕೆ ಅದನ್ನು ಮರೆಯಲು ಒಪ್ಪಿಕೊಂಡಳು. ಬಿಳಿಗಿರಿಯ ಜೊತೆ ಒಂದು ಮನೆ ಬೇಕಾಗಿತ್ತು ಅವಳಿಗೆ. ಅಷ್ಟು ಬೇಕಾದಾಗ ಮನುಷ್ಯ ಏನನ್ನಾದರೂ ಮರೆಯುತ್ತಾನೆ. ಅವನಿಗೆ ಮೊದಲೇ ಹೇಳಬೇಕು ಎಂದೂ ಅವಳಿಗೆ ತೋಚಲಿಲ್ಲ. ಅಭಿನಯವನ್ನು ಮೊದಲೇ ಹೇಳಿ ಮಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಸುಚಿತ್ರಮ್ಮ ಮಗಳಿಗೆ ತಾವೇ ತಲೆ ಬಾಚಿ, ಹೂ ಮುಡಿಸಿ, ಕೂಟಕೇಂದ್ರದ ಹೊರಕೋಣೆಯಲ್ಲಿ ಗಾಜಿನ ಈಚೆ ಕುಳಿತರು. ಒಳಗೆ ಎರಡು ಕುರ್ಚಿ, ಎದುರುಬದುರು. ಬಿಳಿಗಿರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಟ್ಟಿ ಕಟ್ಟಿಸಿಕೊಂಡು, ನೆಲದ ಮೇಲಿನ ಹಾಸುಗಲ್ಲಿನ ಗೆರೆ ನೋಡುತ್ತಿದ್ದ. ಪರೀಕ್ಷಕಿ "ಶುರು ಮಾಡಿ" ಎಂದಳು.

ಚಾರ್ವಿ ಶುರು ಮಾಡಿದಳು.

"ಬಿಳಿಗಿರಿ, ಇಲ್ಲಿ ನೋಡಿ!" ಎಂದಳು. ದನಿಯಲ್ಲಿ ಜೇನು ಸುರಿಯಿತು. ಅವನು ಗಾಬರಿಯಾಗಿ ತಲೆಯೆತ್ತಿದ. ಎದುರಿಗೆ ಅರಳಿದ ಕಣ್ಣು, ಎದ್ದ ಹುಬ್ಬು, ಬಿರಿದ ತುಟಿ. "ನಿಮ್ಮನ್ನ ನೋಡಿದ್ರೆ ನಂಗೆ ಎಷ್ಟು ಖುಷಿ ಆಗತ್ತೆ ಗೊತ್ತಾ? ನಿಮಗೂ ಆಗತ್ತೆ ಅಲ್ವಾ?" ಎಂದು ಅವಳು ಮುಂದಕ್ಕೆ ಬಾಗಿದಳು. ಅವನು "ಹಾ" ಎಂದ. "ನೆನ್ನೆ ಏನಾಯ್ತು ಗೊತ್ತಾ?" "ಹಾ." ಅವಳು ನಕ್ಕಳು, ತಲೆಯಾಡಿಸಿದಳು, ಅವನ ಕೈ ಮುಟ್ಟಿದಳು. ಅವನು ಕಣ್ಣು ಕೀಳಲಿಲ್ಲ. ಹಾವು ಕಂಡವನು ಕಣ್ಣು ಕೀಳುವುದಿಲ್ಲ. ಅವನ ನಾಡಿ ನೆಗೆಯಿತು, ಉಸಿರು ಮೇಲಕ್ಕೆ ಬಂತು. ಆಟದ ಶ್ರಮಕ್ಕೆ ಅವಳ ನಾಡಿಯೂ ನೆಗೆಯುತ್ತಿತ್ತು, ಉಸಿರೂ ಏರುತ್ತಿತ್ತು. ಯಂತ್ರಕ್ಕೆ ಕಂಡದ್ದು ಇಷ್ಟೆ: ಎರಡು ನಾಡಿ ಒಟ್ಟಿಗೆ ಏರುತ್ತಿವೆ, ಕಣ್ಣಲ್ಲಿ ಕಣ್ಣು ನೆಟ್ಟಿದೆ, ಮಾತಿಗೆ ಮಾತು ತಡವಿಲ್ಲದೆ ಬರುತ್ತಿದೆ. ಗೋಡೆಯ ಮೇಲಿನ ಅಂಕಿ ಹತ್ತು ದಾಟಿತು, ಹದಿನೆಂಟು ದಾಟಿತು, ಇಪ್ಪತ್ತೇಳಕ್ಕೆ ಹೋಗಿ ನಿಂತಿತು.

ಪರೀಕ್ಷಕಿ ಚಪ್ಪಾಳೆ ತಟ್ಟಿದಳು. ಗಾಜಿನ ಆಚೆ ಸುಚಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಿಳಿಗಿರಿ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಪಟ್ಟಿಯನ್ನು ಕಿತ್ತೆಸೆದು ಬಾಗಿಲು ತಳ್ಳಿಕೊಂಡು ಹೊರಟೇಹೋದ.

ಚಾರ್ವಿಗೆ ಅವನು ಸಿಕ್ಕಿದ್ದು ಮೆಟ್ಟಿಲಿನ ತಿರುವಿನಲ್ಲಿ. ಗೋಡೆಗೆ ಹಣೆ ಒತ್ತಿ ನಿಂತಿದ್ದ. ಅವಳು ಎರಡು ಮೆಟ್ಟಿಲು ದೂರದಲ್ಲಿ, ಅವನು ನೋಡುತ್ತಿದ್ದ ಗೋಡೆಯನ್ನೇ ನೋಡುತ್ತ ಕುಳಿತಳು.

"ಅವ್ಳು ಯಾರು?" ಎಂದ ಕೊನೆಗೆ.

"ನಾನೇ."

"ಅಲ್ಲ. ನಿಮ್ಮ ಸೀರೆ ಉಟ್ಕಂಡಿದ್ಲು. ನಂಗ ಭಯ ಆಯ್ತು ಚಾರ್ವಿ. ಯಾರೋ ನಿಮ್ಮನ್ನ ಎಲ್ಲೋ ಕೂಡಾಕ್ಬುಟ್ಟು ಬಂದವ್ಳೆ ಅನ್ನುಸ್ತು."

ಅವಳ ಇಡೀ ಬಾಲ್ಯಕ್ಕೆ ಇಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ. "ಪಾಸಾಯ್ತು" ಎಂದಳು ಚಾರ್ವಿ. "ಇಪ್ಪತ್ತೇಳು ಬಂತು. ಮನೆ ಸಿಗತ್ತೆ."

"ಪಾಸಾಗಿದ್ದು ಅವ್ಳಿಗೆ. ಮನ ಸಿಕ್ಕುದ್ರ ಅವ್ಳೂ ಅಲ್ಲಿಗ ಬತ್ತಳ?"

ಸುಳ್ಳು ಹೇಳಬಹುದಿತ್ತು. ಇಲ್ಲ, ಇದೇ ಕೊನೆ ಎಂದಿದ್ದರೆ ಅವನು ನಂಬುತ್ತಿದ್ದ, ಅವನಿಗೆ ಸುಳ್ಳು ಗೊತ್ತಾಗುವುದಿಲ್ಲ. "ಬರ್ತಾಳೆ" ಎಂದಳು ಚಾರ್ವಿ. "ವರ್ಷಕ್ಕೊಂದ್ಸಲ ನವೀಕರಣಕ್ಕೆ ಬರ್ತಾಳೆ. ಓನರ್ ಬಂದಾಗ ಬರ್ತಾಳೆ. ಪಕ್ಕದ ಮನೆಯವರು ಬಂದಾಗ ಬರ್ತಾಳೆ."

"ಒಳ್ಗ ಕೂರಕ್ಕ ಆಗ್ನಿಲ್ಲ ಅಂದ್ರ ನೀವು ಬ್ಯಾಡ ಅಂತಲ್ಲ" ಎಂದ ಬಿಳಿಗಿರಿ, ಗೋಡೆಗೆ. "ನೀವು ಬೇಕು. ಅವ್ಳು ಬ್ಯಾಡ." ಅಷ್ಟು ಹೇಳಿ, ಇನ್ನು ಅಲ್ಲಿ ನಿಲ್ಲಲಾಗದೆ, ರಸ್ತೆಗೆ ಇಳಿದು ಹೋದ.

*

ಚಾರ್ವಿ ವಾಪಸು ಒಳಗೆ ಬಂದಾಗ ಪರೀಕ್ಷಕಿ ಕೂಟಪತ್ರವನ್ನು ಬಂಗಾರದ ಅಂಚಿನ ಕವರಿಗೆ ಹಾಕುತ್ತಿದ್ದಳು. ಸುಚಿತ್ರಮ್ಮ ಅವಳಿಗೆ ಮೈಸೂರ್ ಪಾಕಿನ ಡಬ್ಬಿ ಹಿಡಿದಿದ್ದರು. ಪಾಸಾಗುತ್ತದೆ ಎಂಬ ನಂಬಿಕೆಯಿಂದ ಮನೆಯಿಂದಲೇ ತಂದಿದ್ದರು.

"ಇದನ್ನ ರದ್ದು ಮಾಡಿ" ಎಂದಳು ಚಾರ್ವಿ.

"ಯಾಕೆ ಮೇಡಂ? ಹುಡುಗ ನಾಚ್ಕೊಂಡು ಹೋದ್ರು ಅಷ್ಟೆ" ಎಂದಳು ಪರೀಕ್ಷಕಿ.

"ನಾಚಿಕೆ ಅಲ್ಲ, ಹೆದರಿಕೆ. ಅವರು ನಂಗೆ ಹೆದರಿದ್ರು. ನಿಮ್ಮ ಯಂತ್ರ ಅದಕ್ಕೆ ಇಪ್ಪತ್ತೇಳು ಕೊಡ್ತು."

"ಪಾಸಾಗಿದ್ದನ್ನ ರದ್ದು ಮಾಡೋಕೆ ಒಂದೇ ಕಾರಣ ಇರೋದು, ವಂಚನೆ. ಹಾಗಂತ ದಾಖಲಾದ್ರೆ ಇಬ್ಬರಿಗೂ ಇನ್ನೆಂದೂ ಪರೀಕ್ಷೆ ಇಲ್ಲ. ನಿಮ್ಮ ಸಂಸ್ಥೆಗೂ ತಿಳಿಸ್ಬೇಕಾಗತ್ತೆ. ಕೆಲಸ ಹೋಗತ್ತೆ ಮೇಡಂ."

"ವಂಚನೆ ಅಂತಾನೇ ಹಾಕಿ. ನಿಯಮ ಬರೆದವಳು ನಾನು, ಅದಕ್ಕೆ ಮೋಸ ಮಾಡಿದವಳೂ ನಾನು. ಎಸೆದಿರೋ ದಾಖಲೆ ಎಲ್ಲಿವೆ ಅಂತಾನೂ ಹಾಕಿ. ಯಾರು ಬಂದು ಕೇಳಿದ್ರೂ ತೋರಿಸ್ತೀನಿ."

ಇದನ್ನು ಹೇಳುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಸರಳು ನೋಡುತ್ತ, ದನಿ ಏರಿಸದೆ ಇಳಿಸದೆ ಹೇಳಿದಳು. ಪರೀಕ್ಷಕಿಗೆ ಅದು ಅಹಂಕಾರವಾಗಿ ಕಂಡಿತು. ಅವಳು ತುಟಿ ಬಿಗಿದುಕೊಂಡು ದಾಖಲಿಸಿ, ಕೂಟಪತ್ರವನ್ನು ಎರಡು ತುಂಡು ಮಾಡಿ, ಮೈಸೂರ್ ಪಾಕನ್ನು ಮೇಜಿನ ಆಚೆಗೆ ತಳ್ಳಿದಳು.

ಹೊರಗೆ ಮೆಟ್ಟಿಲ ಮೇಲೆ ಸುಚಿತ್ರಮ್ಮ ಮಗಳ ರಟ್ಟೆ ಹಿಡಿದು ತಿರುಗಿಸಿದರು. ಸಿಟ್ಟಿಗೆ ಅವರ ಮುಖದಲ್ಲಿ ಅಭಿನಯದ ಲವಲೇಶವೂ ಉಳಿದಿರಲಿಲ್ಲ.

"ಕೈಗೆ ಬಂದ ತುತ್ತನ್ನ ನೆಲಕ್ಕೆ ಹಾಕಿದ್ಯಲ್ಲೇ ಪಾಪಿ! ಎಷ್ಟು ಚೆನ್ನಾಗಿ ಮಾಡ್ದೆ ಗೊತ್ತಾ ಒಳಗೆ? ನನ್ನ ಶಿಷ್ಯೆಯರಲ್ಲಿ ಒಬ್ಬಳಿಗೂ ಆ ಕಣ್ಣು ಬರಲ್ಲ. ಗಾಜಿನ ಈಚೆ ಕೂತು ನಾನು ಅಂದ್ಕೊಂಡೆ, ಇವತ್ತಿಗೆ ನನ್ನ ಮಗಳು ನಂಗೆ ಸಿಕ್ಕಿದ್ಲು ಅಂತ. ಅವಳು ಕಣೇ ನನ್ನ ಮಗಳು! ಇಷ್ಟು ವರ್ಷ ನಾನು ತಿದ್ದಿ ತೀಡಿ ಬೆಳೆಸಿದ್ದು ಅವಳನ್ನ!"

ಚಾರ್ವಿ ತಾಯಿಯ ಕೈಯನ್ನು ತನ್ನ ರಟ್ಟೆಯಿಂದ ಮೆಲ್ಲಗೆ ಬಿಡಿಸಿಕೊಂಡಳು. ಮುಡಿಯಲ್ಲಿದ್ದ ಹೂವನ್ನು ತೆಗೆದು ಅದೇ ಕೈಯಲ್ಲಿ ಇಟ್ಟಳು.

"ಹಾಗಾದ್ರೆ ಅವಳನ್ನ ನೀನೇ ಇಟ್ಕೋಮ್ಮ" ಎಂದಳು.

"ಅಂದ್ರೆ? ಈಗ ಎಲ್ಲಿಗೆ ಹೊರಟೆ? ಯಾವನು ಮನೆ ಕೊಡ್ತಾನೆ ನಿಮಗೆ?"

"ಗೊತ್ತಿಲ್ಲ. ಹೋಗ್ತೀನಿ."

ಹೋಗಿ ಬರ್ತೀನಿ ಅನ್ನೇ, ಹಾಗೆ ಬರೀ ಹೋಗ್ತೀನಿ ಅನ್ನಬಾರದು ಎಂದು ಸುಚಿತ್ರಮ್ಮ ಮೇಲಿನಿಂದ ಕೂಗಿ ತಿದ್ದಿದರು. ಚಾರ್ವಿ ಮೆಟ್ಟಿಲು ಇಳಿಯುತ್ತಲೇ ಇದ್ದಳು. ರಸ್ತೆಯ ಆಚೆ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಳಿಗಿರಿ ಬೆನ್ನು ತಿರುಗಿಸಿ ಕುಳಿತಿದ್ದ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ.